ಎಲೆಕ್ಟ್ರಾನಿಕ್ ಡ್ರಮ್ಸ್: ನಮ್ಮ ಮನೆಯಲ್ಲಿ ಸದ್ದಿಲ್ಲ, ಕೆಳಗಿನ ಮನೆಗೆ ಗುದ್ದು. ಏನು ಮಾಡಲಿ?

ಕುವೆಂಪುನಗರ ಮೂರನೇ ಮಹಡಿ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಮಗಳು ಫಸ್ಟ್ ಪಿಯುಸಿ. ಎಂಟನೇ ಕ್ಲಾಸಿನಿಂದ ಡ್ರಮ್ಸ್ ಕಲಿಯುತ್ತಿದ್ದಾಳೆ. ಸ್ವಂತ ಮನೆ ಬಿಟ್ಟು ಫ್ಲ್ಯಾಟಿಗೆ ಬಂದಾಗ ಹಳೇ ಡ್ರಮ್ಸ್ ಮಾರಿ ಎಲೆಕ್ಟ್ರಾನಿಕ್ ಕಿಟ್ ತಂದುಕೊಟ್ಟೆವು. ಬಡಿಯುವ ಜಾಗದಲ್ಲಿ ಸೊಳ್ಳೆ ಪರದೆಯಂಥ ಬಲೆ ಬಿಗಿದಿರುತ್ತಾರೆ. ಅವಳ ಕಿವಿಗೆ ಹೆಡ್‌ಫೋನ್. ಹೊರಗೆ ಕೇಳುವುದು ಕೋಲಿನ ಟಪ ಟಪ ಅಷ್ಟೇ. ಪಕ್ಕದ ರೂಮಿನಲ್ಲಿ ಕೂತು ನಾನು ಆರಾಮಾಗಿ ಪೇಪರ್ ಓದುತ್ತೇನೆ.

ನವರಾತ್ರಿಯಲ್ಲಿ ಕೆಳಗಿನ ಮನೆ ಅಮ್ಮ ಬೊಂಬೆ ನೋಡಲು ಕರೆದರು. ಮಗಳು ಆಗ ಮೇಲೆ ಅಭ್ಯಾಸ ಮಾಡುತ್ತಿದ್ದಳು. ಮೆಟ್ಟಿಲ ಮೇಲೆ ಪಟ್ಟದ ಬೊಂಬೆಗಳು, ಪಕ್ಕದಲ್ಲಿ ಗೋಡೆಗೆ ಕೂರಿಸಿದ ಶೋಕೇಸ್. ಅದರೊಳಗೆ ತಲೆ ಆಡಿಸುವ ಮುದುಕನ ಬೊಂಬೆ. ಯಾರೂ ಮುಟ್ಟಿಲ್ಲ, ಫ್ಯಾನ್ ಕೂಡ ಇಲ್ಲ, ಮುದುಕ ತಲೆ ಆಡಿಸುತ್ತಿದ್ದಾನೆ. ಶೋಕೇಸಿನ ಗಾಜು ಗಿರ್ ಅನ್ನುತ್ತಿದೆ. ಮೇಲಿಂದ ಧಡ್, ಧಡ್ ಧಡ್. ಒನಕೆ ಹಿಡಿದು ಕುಟ್ಟಿದ ಹಾಗೆ. ಆ ಅಮ್ಮ ಒಂದು ಮಾತೂ ಆಡಲಿಲ್ಲ. ಚರಪು ಕೈಗಿಟ್ಟು ನಗುತ್ತಾ ಕಳಿಸಿದರು. ನಾವು ಬಂದು ಎಂಟು ತಿಂಗಳು. ಎಂಟು ತಿಂಗಳಿಂದ ಅವರು ಇದನ್ನು ಕೇಳಿಕೊಂಡು ಸುಮ್ಮನಿದ್ದಾರೆ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಆಮೇಲೆ ಗೋಡೆಗೆಲ್ಲ ಸ್ಪಂಜಿನ ಹಾಳೆ ಅಂಟಿಸಿದೆ. ದಪ್ಪ ಕಾರ್ಪೆಟ್ ಹಾಸಿದೆ. ಅದರ ಕೆಳಗೆ ಜಿಮ್‌ನ ರಬ್ಬರ್ ಮ್ಯಾಟ್ ಹಾಕಿದೆ. ಕೆಳಗೆ ಹೋಗಿ ಕೇಳಿದರೆ ಏನೂ ಕಮ್ಮಿ ಆಗಿಲ್ಲ. ಮಗಳ ಅಭ್ಯಾಸ ನಿಲ್ಲಿಸಲು ಮನಸ್ಸಿಲ್ಲ. ಆ ಅಮ್ಮನಿಗೆ ತೊಂದರೆ ಕೊಡಲೂ ಮನಸ್ಸಿಲ್ಲ. ಗೊತ್ತಿರುವವರು ದಾರಿ ಹೇಳಿ.

ಆರ್ಕೆಸ್ಟ್ರಾ ಡ್ರಮ್ಮರ್:

ಸರ್, ಮೊದಲು ಒಂದು ಪರೀಕ್ಷೆ ಮಾಡಿ. ನೀವು ಕೆಳಗಿನ ಮನೆಯಲ್ಲಿ ನಿಂತುಕೊಳ್ಳಿ. ಮಗಳು ಎರಡು ನಿಮಿಷ ಕೈ ಮಾತ್ರ ಬಾರಿಸಲಿ. ಆಮೇಲೆ ಎರಡು ನಿಮಿಷ ಬಲಗಾಲು ಮಾತ್ರ, ಅಂದರೆ ದೊಡ್ಡ ಡ್ರಮ್ಮಿನ ಕಿಕ್ ಪೆಡಲ್. ಕೊನೆಗೆ ಎಡಗಾಲಿನ ಹೈ-ಹ್ಯಾಟ್ ಪೆಡಲ್, ಅಂದರೆ ಜೋಡಿ ತಾಳದ ತಟ್ಟೆಯದು. ನನ್ನ ಅನುಭವದಲ್ಲಿ ಕೆಳಗೆ ಹೋಗುವ ಗುದ್ದೆಲ್ಲ ಬಹುಪಾಲು ಕಾಲಿನದೇ.

ಯಾಕೆ ಅಂದರೆ, ಬಲೆ ಬಂದಮೇಲೆ ಕೈಯ ಸದ್ದು ಇಳಿಯಿತು. ರೋಲ್ಯಾಂಡ್ ಕಂಪನಿ 1997ರಲ್ಲಿ ಟಿಡಿ-10 ಕಿಟ್ ಜೊತೆ ಬಲೆಯ ಪ್ಯಾಡ್ ತಂದಿತು. ಅಲ್ಲಿಯವರೆಗೆ ನಾವು ಬಾರಿಸುತ್ತಿದ್ದುದು ಗಟ್ಟಿ ರಬ್ಬರ್ ಮೇಲೆ, ಮಣಿಕಟ್ಟು ನೋಯುತ್ತಿತ್ತು. ಆದರೆ ಕಾಲಿನ ಕತೆ ಹಾಗೇ ಉಳಿಯಿತು. ಪೆಡಲ್ ನೆಲದ ಮೇಲೆ ಕೂತಿದೆ. ತುಳಿದಾಗ ಬೀಟರ್, ಅಂದರೆ ಪೆಡಲಿನ ಸುತ್ತಿಗೆ, ಪ್ಯಾಡಿಗೆ ಬಡಿದು ನಿಲ್ಲುತ್ತದೆ. ಆ ಪೆಟ್ಟು ಪ್ಯಾಡಿನ ಕಾಲಿಂದ ನೇರ ನೆಲಕ್ಕೆ ಇಳಿಯುತ್ತದೆ. ಗೋಡೆಗೆ ಸ್ಪಂಜು ಅಂಟಿಸುವುದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಸ್ಪಂಜು ರೂಮಿನೊಳಗಿನ ಮಾರ್ದನಿ ತಗ್ಗಿಸುತ್ತದೆ, ನೆಲದ ಗುದ್ದಿಗೂ ಅದಕ್ಕೂ ಸಂಬಂಧ ಇಲ್ಲ.

ಪೆಡಲ್ ಕೆಳಗೆ ಇಡಲು ರೋಲ್ಯಾಂಡ್‌ನವರದೇ ನಾಯ್ಸ್ ಈಟರ್ ಅಂತ ಸಿಗುತ್ತದೆ. ಪೆಡಲಿಗೆ ಎನ್‌ಇ-10, ಸ್ಟ್ಯಾಂಡಿನ ಕಾಲಿಗೆ ಎನ್‌ಇ-1. ಕೆಳಗೆ ರಬ್ಬರಿನ ಅರ್ಧಗೋಳಗಳಿವೆ. ಬೀಟರ್ ಪ್ಯಾಡಿಗೆ ಜೋರಾಗಿ ಬಡಿಯದ ಹಾಗೆ ಮಾಡಿದ ಕೆಟಿ-10 ಅನ್ನುವ ಪೆಡಲ್ ಕೂಡ ಇದೆ. ಎರಡೂ ಒಳ್ಳೆಯವೇ, ಬೆಲೆ ಜಾಸ್ತಿ. ಅದಕ್ಕೆ ಮುಂಚೆ ಟೆನಿಸ್ ಬಾಲ್ ಹಲಗೆ ಮಾಡಿ ನೋಡಿ ಅಂತ ನನ್ನ ಸಲಹೆ. ಎರಡು ಹಲಗೆ ನಡುವೆ ಟೆನಿಸ್ ಬಾಲ್ ಇಟ್ಟು, ಮೇಲೆ ಇಡೀ ಕಿಟ್ ಕೂರಿಸುವುದು.

ಹೆಬ್ಬಾಳು ನಿವಾಸಿ:

ವಾಷಿಂಗ್ ಮಷೀನ್ ಕಾಲಿಗೆ ಹಾಕುವ ರಬ್ಬರ್ ಬಿಲ್ಲೆ ಸಾಕಾಗಲ್ವಾ? ನಮ್ಮ ಮನೆಯಲ್ಲಿ ಹಾಕಿದ ಮೇಲೆ ಮಷೀನ್ ಓಡಾಡುವುದು ನಿಂತಿತು.

ಸಿವಿಲ್ ಕೆಲಸದವನು:

ಅದು ಜಾರುವುದನ್ನು ತಡೆಯುತ್ತದೆ ಸರ್. ಗುದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ದುಡ್ಡು ಸುಮ್ನೆ ಪೋಲಾಗುವುದು ತಪ್ಪುತ್ತದೆ.

ನಮ್ಮ ಕಡೆ ಫ್ಲ್ಯಾಟಿನ ಸ್ಲ್ಯಾಬ್ ಸಾಮಾನ್ಯವಾಗಿ ಐದಾರು ಇಂಚಿನ ಕಾಂಕ್ರೀಟು. ಅದರ ಮೇಲೆ ಸಿಮೆಂಟ್, ಸಿಮೆಂಟ್ ಮೇಲೆ ಟೈಲ್ಸ್ ಅಥವಾ ಗ್ರಾನೈಟ್. ನಡುವೆ ಮೆತ್ತನೆಯ ಪದರ ಅನ್ನುವುದೇ ಇಲ್ಲ. ಮೇಲೆ ಚಮಚ ಬಿದ್ದರೂ ಕೆಳಗೆ ಕೇಳುವುದು ಅದಕ್ಕೇ. ಪೆಟ್ಟು ಸ್ಲ್ಯಾಬಿಗೆ ಸೇರಿತೆಂದರೆ ಅಲ್ಲಿಂದ ಬೀಮ್, ಗೋಡೆ, ಶೋಕೇಸ್, ಎಲ್ಲಾ ಕಡೆ ಹರಿಯುತ್ತದೆ. ಸೇರುವ ಮುಂಚೆಯೇ ತಡೆಯಬೇಕು.

ತಡೆಯುವುದಕ್ಕೆ ಇರುವ ದಾರಿ ಒಂದೇ: ಮೇಲೆ ಭಾರ, ಕೆಳಗೆ ಮೆತ್ತನೆ ಸ್ಪ್ರಿಂಗ್. ಒಂದು ರಬ್ಬರ್ ಬ್ಯಾಂಡಿಗೆ ಬೀಗ ಕಟ್ಟಿ ತೂಗುಹಾಕಿ ನೋಡಿ. ಕೈ ನಿಧಾನಕ್ಕೆ ಮೇಲೆ ಕೆಳಗೆ ಮಾಡಿದರೆ ಬೀಗವೂ ಜೊತೆಗೇ ಹೋಗುತ್ತದೆ. ಕೈ ಬೇಗ ಬೇಗ ಅಲ್ಲಾಡಿಸಿದರೆ ಬೀಗ ನಿಂತಲ್ಲೇ ನಿಲ್ಲುತ್ತದೆ. ಇವೆರಡರ ನಡುವೆ ಒಂದು ವೇಗದಲ್ಲಿ ಬೀಗ ಕೈಗಿಂತ ಜಾಸ್ತಿ ಕುಣಿಯುತ್ತದೆ. ಅದು ಆ ಸ್ಪ್ರಿಂಗಿನ ಸಹಜ ಕಂಪನ. ಪೆಟ್ಟಿನ ಕಂಪನ ಅದರ 1.4 ಪಟ್ಟಿಗಿಂತ ಮೇಲಿದ್ದರೆ ಮಾತ್ರ ತಡೆ ಶುರುವಾಗುತ್ತದೆ. ಮೂರು ಪಟ್ಟಾದರೂ ಇದ್ದರೆ ಕೆಲಸ ಚೆನ್ನಾಗಿ ಆಗುತ್ತದೆ.

ಈ ಸಹಜ ಕಂಪನ ತಿಳಿಯಲು ಸುಲಭ ಲೆಕ್ಕ ಇದೆ. ಭಾರ ಇಟ್ಟಾಗ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆ ನೋಡಿ. 10 ಮಿ.ಮೀ. ಕುಗ್ಗಿದರೆ ಸೆಕೆಂಡಿಗೆ ಸುಮಾರು 5 ಕಂಪನ. 4 ಮಿ.ಮೀ. ಆದರೆ 8. 1 ಮಿ.ಮೀ. ಆದರೆ 16. ಗಟ್ಟಿ ಜಿಮ್ ಮ್ಯಾಟ್ ಕೂದಲೆಳೆಯಷ್ಟು, ಅಂದರೆ 0.1 ಮಿ.ಮೀ. ಕುಗ್ಗಿತು ಅಂದುಕೊಳ್ಳಿ, ಆಗ 50. ಕಿಕ್ ಪೆಡಲಿನ ಗುದ್ದು ಇರುವುದೂ ಅಲ್ಲೇ ಸುತ್ತಮುತ್ತ. ಹಾಗಾಗಿ ಮ್ಯಾಟ್ ಅದನ್ನು ತಡೆಯುವ ಬದಲು ಕೆಲವು ಸಲ ಹೆಚ್ಚೇ ಮಾಡುತ್ತದೆ. ದಿಢೀರ್ ಪೆಟ್ಟಿಗೆ ರಬ್ಬರ್ ಇನ್ನಷ್ಟು ಗಟ್ಟಿಯಾಗಿ ನಡೆದುಕೊಳ್ಳುತ್ತದೆ, ಆದ್ದರಿಂದ ನಿಜದ ಸಂಖ್ಯೆ ಈ ಲೆಕ್ಕಕ್ಕಿಂತ ಸ್ವಲ್ಪ ಮೇಲೆಯೇ ಇರುತ್ತದೆ.

ಟೆನಿಸ್ ಬಾಲ್ ಒಳ್ಳೆಯ ಸ್ಪ್ರಿಂಗ್. ಅಂತರರಾಷ್ಟ್ರೀಯ ಟೆನಿಸ್ ನಿಯಮದ ಪ್ರಕಾರ ಮಾಮೂಲಿ ಬಾಲ್ ಮೇಲೆ ಸುಮಾರು 8 ಕೆ.ಜಿ. ಭಾರ ಹೇರಿದರೆ 5.6ರಿಂದ 7.4 ಮಿ.ಮೀ. ಕುಗ್ಗಬೇಕು. ಒಂದೊಂದು ಬಾಲಿಗೆ 8 ಕೆ.ಜಿ. ಬೀಳುವ ಹಾಗೆ ಹಂಚಿದರೆ ಸಹಜ ಕಂಪನ ಆರೇಳಕ್ಕೆ ಇಳಿಯುತ್ತದೆ.

ಇನ್ನೊಂದು ವಿಷಯ. ಕಿಟ್ ಈಗ ರೂಮಿನ ನಡುವೆ ಇದೆಯಾ? ಸ್ಲ್ಯಾಬ್ ನಡುವೆ ಹೆಚ್ಚು ಬಳುಕುತ್ತದೆ, ಬೀಮಿನ ಹತ್ತಿರ ಕಮ್ಮಿ. ಪಿಲ್ಲರ್ ಇರುವ ಮೂಲೆಗೆ ಸರಿಸಿ. ಗೋಡೆಗೆ ಮಾತ್ರ ತಾಗಿಸಬೇಡಿ.

ಮೃದಂಗ ಅಭ್ಯಾಸ:

ಸರಸ್ವತಿಪುರಂನಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಮೃದಂಗ ಹೇಳಿಕೊಡುತ್ತೇನೆ. ನಮ್ಮದು ಇದಕ್ಕೆ ಉಲ್ಟಾ. ಸದ್ದು ಬೀದಿಗೆಲ್ಲ ಕೇಳುತ್ತದೆ, ಕೆಳಗಿನ ಮನೆಯ ಪಾತ್ರೆ ಮಾತ್ರ ಅಲ್ಲಾಡುವುದಿಲ್ಲ. ಈಗ ಓದಿದ ಮೇಲೆ ಕಾರಣ ಹೊಳೆಯಿತು. ಮೃದಂಗವನ್ನು ಮಡಿಲಲ್ಲಿ, ಪಾದದ ಮೇಲೆ ಇಟ್ಟು ನುಡಿಸುತ್ತೇವೆ. ನಮ್ಮ ಮೈಯೇ ಮೆತ್ತನೆ. ಪೆಟ್ಟೂ ಅಡ್ಡಕ್ಕೆ ಬೀಳುತ್ತದೆ, ನೆಲದ ಕಡೆಗಲ್ಲ. ನಿಮ್ಮ ಮಗಳಿಗೆ ಒಳ್ಳೆಯದಾಗಲಿ. ಅಭ್ಯಾಸ ಬಿಡಿಸಬೇಡಿ. ಈ ವಯಸ್ಸಿನಲ್ಲಿ ಆರು ತಿಂಗಳು ಬಿಟ್ಟರೆ ಕೈ ಮತ್ತೆ ಕೂರುವುದು ಕಷ್ಟ.

ಬೋಗಾದಿ ರಸ್ತೆ:

ಫೋನಿನ ಡೆಸಿಬೆಲ್ ಆ್ಯಪ್‌ನಲ್ಲಿ ಕೆಳಗೆ ಎಷ್ಟು ತೋರಿಸುತ್ತದೆ ನೋಡಿ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿದೆ. ಅದಕ್ಕಿಂತ ಕಮ್ಮಿ ಇದ್ದರೆ ನಿಮ್ಮ ತಪ್ಪಿಲ್ಲ ಅಲ್ವಾ?

ಸಿವಿಲ್ ಕೆಲಸದವನು:

ಆ ಮಿತಿ ಸರಿ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆದರೆ ಆ ಅಳತೆ ಮನುಷ್ಯರ ಕಿವಿಗೆ ಹೊಂದಿಸಿದ್ದು, ದಪ್ಪ ಸದ್ದನ್ನು ಕಡಿಮೆ ಮಾಡಿ ಲೆಕ್ಕ ಹಿಡಿಯುತ್ತದೆ. ಸೆಕೆಂಡಿಗೆ 63 ಕಂಪನದ ಸದ್ದಿನಲ್ಲಿ ಸುಮಾರು 26 ಡೆಸಿಬೆಲ್ ಕಳೆದೇ ಬರೆಯುತ್ತದೆ. ಆ್ಯಪ್‌ನಲ್ಲಿ 38 ತೋರಿಸಿದರೂ ಮಂಚದ ಮೇಲೆ ಮಲಗಿದವರಿಗೆ ಎದೆಗೆ ಗುದ್ದು ಬರಬಹುದು. ಇಲ್ಲಿ ಆ ಸಂಖ್ಯೆ ನಂಬಿ ಕೂರುವುದು ಬೇಡ. ಕೆಳಗೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡುವುದೇ ಮೇಲು.

ಮಂಡ್ಯ ಕೆಳಮನೆ:

ಬೋಗಾದಿ ರಸ್ತೆಯವರಿಗೆ ನಾನೂ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ನರ್ಸ್. ಮಂಡ್ಯದಲ್ಲಿ ಒಂದು ಅಪಾರ್ಟ್‌ಮೆಂಟಿನ ಮೊದಲನೇ ಮಹಡಿ ನಮ್ಮದು. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಮಲಗುತ್ತೇನೆ. ಮೇಲಿನ ಮನೆಯಲ್ಲಿ ಡ್ರಮ್ಸ್ ಇಲ್ಲ. ಟ್ರೆಡ್‌ಮಿಲ್ ಇದೆ. ಸದ್ದು ದೊಡ್ಡದೇನಲ್ಲ. ಯಾವಾಗ ಶುರುವಾಗುತ್ತೋ, ಯಾವಾಗ ನಿಲ್ಲುತ್ತೋ ಗೊತ್ತಾಗುವುದಿಲ್ಲ. ಅದೇ ನಿದ್ದೆ ಕೆಡಿಸುವುದು. ನಿಂತ ಮೇಲೂ ಮತ್ತೆ ಯಾವಾಗ ಬರುತ್ತೆ ಅಂತ ಕಾಯುತ್ತಾ ಮಲಗಿರುತ್ತೇನೆ.

ಒಂದು ದಿನ ಧೈರ್ಯ ಮಾಡಿ ಹೋಗಿ ಹೇಳಿದೆ. ಅವರು ಮಷೀನ್ ಕೆಳಗೆ ಏನೋ ಹಾಕಿದರು, ಗುದ್ದು ಅಷ್ಟೇನೂ ಕಮ್ಮಿ ಆಗಲಿಲ್ಲ. ಆದರೆ "ಅಕ್ಕಾ, ಇನ್ಮೇಲೆ ಸಂಜೆ ಐದೂವರೆಯಿಂದ ಆರೂಕಾಲು ಮಾತ್ರ" ಅಂದರು. ಹಾಗೇ ನಡೆದುಕೊಂಡರು. ಅವತ್ತಿಂದ ನನಗೆ ನಿದ್ದೆ ಬಂತು. ಸರ್, ನೀವು ಹಲಗೆ ಮಾಡಿಸಿ, ಬೇಡ ಅನ್ನಲ್ಲ. ಮೊದಲು ಆ ಅಮ್ಮನ ಹತ್ತಿರ ಹೋಗಿ ಯಾವ ಹೊತ್ತು ಆಗಬಹುದು ಅಂತ ಕೇಳಿ. ಅವರಾಗಿ ಹೇಳುವುದಿಲ್ಲ. ನಮ್ಮ ಕಡೆ ಹೆಂಗಸರು ಹೇಳುವುದಿಲ್ಲ.

ಕುವೆಂಪುನಗರ ಮೂರನೇ ಮಹಡಿ:

ಮೇಡಂ, ನಿಮ್ಮ ಮಾತು ಓದಿ ಅವತ್ತೇ ಸಂಜೆ ಮಗಳನ್ನು ಕರೆದುಕೊಂಡು ಕೆಳಗೆ ಹೋದೆ. ಮಧ್ಯಾಹ್ನ ಎರಡರಿಂದ ನಾಲ್ಕು ಅವರು ಮಲಗುವ ಹೊತ್ತಂತೆ. ಮಗಳು ಕಾಲೇಜಿಂದ ಬಂದು ಕಿಟ್ ಮುಂದೆ ಕೂರುತ್ತಿದ್ದುದು ಮೂರಕ್ಕೆ! ಮಂಡಿ ಆಪರೇಷನ್ ಆಗಿದೆ, ರಾತ್ರಿ ನೋವಿಗೆ ಸರಿಯಾಗಿ ನಿದ್ದೆ ಇಲ್ಲ. ಈಗ ಐದರಿಂದ ಆರಕ್ಕೆ ಬದಲಾಯಿಸಿದ್ದೇವೆ. ಆ ಹೊತ್ತಿಗೆ ಅವರು ದೇವಸ್ಥಾನಕ್ಕೋ ಪಾರ್ಕಿಗೋ ಹೋಗಿರುತ್ತಾರೆ.

ಪರೀಕ್ಷೆಯನ್ನೂ ಮಾಡಿದೆವು. ಡ್ರಮ್ಮರ್ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಕೈ ಬಾರಿಸಿದಾಗ ಕೆಳಗೆ ಏನೂ ಕೇಳಲಿಲ್ಲ. ಬಲಗಾಲಿಗೆ ಬೊಂಬೆ ಮುದುಕ ತಲೆ ಆಡಿಸಿದ. ಎಡಗಾಲಿಗೆ ಸ್ವಲ್ಪ. ಈ ಭಾನುವಾರ ಹಲಗೆ ಕೆಲಸ ಹಿಡಿಯಬೇಕು. ಅಳತೆ ಹೇಳುತ್ತೀರಾ?

ಮರಗೆಲಸ ಮೈಸೂರು:

ಇಂಥ ಹಲಗೆ ನಾನು ಎರಡು ಮಾಡಿಕೊಟ್ಟಿದ್ದೇನೆ ಸರ್. ಆರಡಿ ನಾಲ್ಕಡಿಯ 18 ಮಿ.ಮೀ. ಪ್ಲೈವುಡ್ ಎರಡು ಹಾಳೆ ತಗೊಳ್ಳಿ. ಎರಡನ್ನೂ ಅಂಟು ಹಾಕಿ, ಒಂದರ ಮೇಲೊಂದು ಕೂರಿಸಿ, ಅರ್ಧ ಅಡಿಗೊಂದು ಸ್ಕ್ರೂ ಹೊಡೆಯಿರಿ. ಇದು ಮೇಲಿನ ಹಲಗೆ. ಭಾರ ಇರಬೇಕು, ಬಳುಕಬಾರದು. ಒಂದೇ ಹಾಳೆ ಹಾಕಿದರೆ ಪೆಡಲ್ ಇರುವ ಜಾಗದಲ್ಲಿ ತೊಟ್ಟಿಲ ಹಾಗೆ ಜೋಲುತ್ತದೆ. ಕೆಳಗಿನ ಹಲಗೆಗೂ ಅದೇ ಅಳತೆ, ಒಂದೇ ಹಾಳೆ ಸಾಕು. ಅದರ ಕೆಲಸ ಬಾಲ್ ಓಡಿಹೋಗದ ಹಾಗೆ ಹಿಡಿಯುವುದು ಮಾತ್ರ.

ಬಾಲ್ ಅಡ್ಡಳತೆ ಆರೂವರೆ ಸೆಂ.ಮೀ. ಮೇಲೆ. ಕೆಳಗಿನ ಹಲಗೆಯಲ್ಲಿ 5 ಸೆಂ.ಮೀ. ತೂತು ಕೊರೆಯಿರಿ. ಡ್ರಿಲ್ಲಿಗೆ ಹಾಕುವ ಗುಂಡನೆ ಗರಗಸ ಸಿಗುತ್ತದೆ, ಬೀಗ ಕೂರಿಸುವವರು ಬಳಸುತ್ತಾರಲ್ಲ, ಅದು. ಬಾಲ್ ಒಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಒಳಗೆ ಕೂರುತ್ತದೆ, ನೆಲ ಮುಟ್ಟುವುದಿಲ್ಲ. ಹಲಗೆ ತೆಳ್ಳಗಿದ್ದರೆ ಮುಟ್ಟುತ್ತದೆ, ಅದಕ್ಕೇ 18 ಹೇಳಿದ್ದು. ಮೇಲಿನ ಹಲಗೆಗೆ ತೂತು ಬೇಡ, ಬಾಲ್‌ಗಳ ಮೇಲೆ ಸುಮ್ನೆ ಕೂರಲಿ. ಸ್ಕ್ರೂ ಹಾಕಿ ಎರಡನ್ನೂ ಜೋಡಿಸಬೇಡಿ. ಹುಡುಗರೊಬ್ಬರು ಭದ್ರ ಇರಲಿ ಅಂತ ನಾಲ್ಕು ಮೂಲೆಗೆ ಬೋಲ್ಟ್ ಹಾಕಿಸಿಕೊಂಡರು. ಗುದ್ದೆಲ್ಲ ಬೋಲ್ಟ್ ಹಿಡಿದು ಕೆಳಗೆ ಹೋಯಿತು. ಮತ್ತೆ ನಾನೇ ಹೋಗಿ ಬಿಚ್ಚಿದೆ.

ಗಲ್ಲಿ ಕ್ರಿಕೆಟ್ಟಿಗೆ ಮಾರುವ ಹೆವಿ ಬಾಲ್ ಬೇಡ. ಅದು ಗಟ್ಟಿ.

ಕುವೆಂಪುನಗರ ಮೂರನೇ ಮಹಡಿ:

ಹಲಗೆ ಆಯಿತು. ಮಗಳೂ ನಾನೂ ಎರಡು ಭಾನುವಾರ ಕೂತು ಮಾಡಿದೆವು. ತೂತು ಕೊರೆಯುವುದು ಅವಳೇ. ಬಾಲ್ ಹೊಸದು ಬೇಕಾಗಲಿಲ್ಲ, ಟೆನಿಸ್ ಆಡುವ ಗೆಳೆಯರೊಬ್ಬರು ಆಡಿ ಬಿಟ್ಟ ಬಾಲ್ ಒಂದು ಚೀಲ ತುಂಬಾ ಕೊಟ್ಟರು. ಎಲ್ಲಾ ಸೇರಿ ಖರ್ಚು ಒಂಬತ್ತು ಸಾವಿರದೊಳಗೆ ಮುಗಿಯಿತು.

ಬಾಲ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು 40 ಹಾಕಿದೆ. ಕೆಳಗೆ ಹೋಗಿ ಕೇಳಿದೆ. ಕಮ್ಮಿ ಆಗಿದೆ, ಆದರೆ ಇನ್ನೂ ಇದೆ. ಧಡ್ ಅನ್ನುತ್ತಿದ್ದುದು ಧುಪ್ ಅಂತಿದೆ. ಶೋಕೇಸಿನ ಗಾಜು ಸುಮ್ಮನಾಗಿದೆ. ಮುದುಕನ ತಲೆ ಮಾತ್ರ ಇನ್ನೂ ಆಡುತ್ತಿದೆ. ಎಲ್ಲಿ ತಪ್ಪಾಯಿತು?

ಸಿವಿಲ್ ಕೆಲಸದವನು:

ಬಾಲ್ ಜಾಸ್ತಿ ಆಯಿತು ಸರ್. ತೂಕ ಕೂಡಿಸಿ ನೋಡೋಣ. ಆ ಅಳತೆಯ ಪ್ಲೈವುಡ್ ಒಂದು ಹಾಳೆ ಸುಮಾರು 26 ಕೆ.ಜಿ., ಎರಡಕ್ಕೆ 52. ಕಿಟ್ 20 ಅಂದುಕೊಳ್ಳಿ, ಸ್ಟೂಲ್ 5, ಮಗಳು 50. ಒಟ್ಟು 127. ನಲವತ್ತಕ್ಕೆ ಹಂಚಿದರೆ ಬಾಲಿಗೆ 3 ಕೆ.ಜಿ. ಚಿಲ್ಲರೆ. ಎರಡು ಮಿ.ಮೀ. ಚಿಲ್ಲರೆ ಕುಗ್ಗಿದರೆ ಹೆಚ್ಚು. ಹದಿನಾರು ಹಾಕಿ, ಬಾಲಿಗೆ 8 ಬೀಳುತ್ತದೆ. ಕೂರುವ ಕಡೆ ಭಾರ ಜಾಸ್ತಿ, ಅಲ್ಲಿ ಬಾಲ್ ಹತ್ತಿರ ಹತ್ತಿರ ಇರಲಿ. ಹಲಗೆ ಮಟ್ಟಸವಾಗಿ ಕೂರುವವರೆಗೆ ಸರಿಸಿ. ಸ್ಲ್ಯಾಬಿನ ಚಿಂತೆ ಬೇಡ. ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಲೆಕ್ಕ ಹಿಡಿದೇ ವಿನ್ಯಾಸ ಮಾಡುತ್ತಾರೆ, ನಿಮ್ಮ ಹಲಗೆ ಎರಡು ಚದರ ಮೀಟರಿಗಿಂತ ದೊಡ್ಡದು.

ಆರ್ಕೆಸ್ಟ್ರಾ ಡ್ರಮ್ಮರ್:

ಜೊತೆಗೆ ನೋಡಿ, ಹಲಗೆ ಗೋಡೆಗೆ ತಾಗಿದೆಯಾ, ಹೈ-ಹ್ಯಾಟ್ ಸ್ಟ್ಯಾಂಡಿನ ಒಂದು ಕಾಲು ಹಲಗೆಯಿಂದ ಆಚೆ ನೆಲದ ಮೇಲೆ ಇದೆಯಾ ಅಂತ. ಒಂದೇ ಒಂದು ಕಾಲು ನೆಲ ಮುಟ್ಟಿದರೂ ಅಷ್ಟು ಕೆಲಸ ಹಾಳು. ಸ್ಟೂಲ್ ಕೂಡ ಹಲಗೆ ಮೇಲೇ ಇರಬೇಕು.

ಮಗಳಿಗೂ ಒಂದು ಮಾತು. ಬೀಟರಿನ ಪ್ಲಾಸ್ಟಿಕ್ ಬದಿ ತಿರುಗಿಸಿ ಉಣ್ಣೆಯ ಬದಿ ಹಾಕಮ್ಮ. ಹೊಡೆದ ಮೇಲೆ ಬೀಟರ್ ಪ್ಯಾಡಿಗೆ ಒತ್ತಿ ಹಿಡಿಯಬೇಡ, ಬಿಟ್ಟುಬಿಡು, ಅದಾಗೇ ಹಿಂದೆ ಬರಲಿ. ಮಾಡ್ಯೂಲಿನಲ್ಲಿ, ಅಂದರೆ ಕಿಟ್‌ನ ಸದ್ದು ಹೊರಡಿಸುವ ಪೆಟ್ಟಿಗೆಯಲ್ಲಿ, ಕಿಕ್‌ನ ಸೆನ್ಸಿಟಿವಿಟಿ ಏರಿಸಿಕೊ. ಮೆಲ್ಲಗೆ ತುಳಿದರೂ ಹೆಡ್‌ಫೋನಿನಲ್ಲಿ ಜೋರಾಗಿ ಕೇಳುತ್ತದೆ. ಮೆಲ್ಲಗೆ ತುಳಿದು ತಾಳ ಹಿಡಿಯುವುದು ಕಷ್ಟದ ವಿದ್ಯೆ. ಕಲಿತರೆ ಮುಂದೆ ಸ್ಟೇಜಿನಲ್ಲೂ ಕೈಹಿಡಿಯುತ್ತದೆ.

ಕುವೆಂಪುನಗರ ಮೂರನೇ ಮಹಡಿ:

ಹದಿನಾರು ಬಾಲಿಗೆ ಇಳಿಸಿದೆ. ಹಿಂದಿನ ಅರ್ಧಕ್ಕೆ ಒಂಬತ್ತು, ಮುಂದಿನ ಅರ್ಧಕ್ಕೆ ಏಳು. ಕೂತಾಗ ಸ್ವಲ್ಪ ತೇಲಿದ ಹಾಗಾಗುತ್ತದೆ, ಎರಡು ದಿನದಲ್ಲಿ ಅಭ್ಯಾಸವಾಯಿತು ಅಂದಳು. ಹೈ-ಹ್ಯಾಟ್ ಸ್ಟ್ಯಾಂಡಿನ ಒಂದು ಕಾಲು ನಿಜವಾಗಿಯೂ ನೆಲದ ಮೇಲಿತ್ತು, ಒಳಗೆ ತಂದೆ. ಕಿಟ್ ಪಿಲ್ಲರಿನ ಮೂಲೆಗೆ ಹೋಯಿತು, ಗೋಡೆಗೆ ಮೂರು ಬೆರಳು ಜಾಗ ಬಿಟ್ಟು.

ನಿನ್ನೆ ಸಂಜೆ ಆ ಅಮ್ಮನೇ ಶೋಕೇಸ್ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ನಾನು ಫೋನಿನಲ್ಲಿ ಮಗಳಿಗೆ ಶುರು ಮಾಡು ಅಂದೆ. ಮುದುಕ ಅಲ್ಲಾಡಲಿಲ್ಲ. ಅವಳು ಇನ್ನೂ ಶುರು ಮಾಡಿಲ್ಲವೇನೋ ಅಂತ ಮತ್ತೆ ಫೋನ್ ಮಾಡಿದೆ. ಆಗಲೇ ಬಾರಿಸುತ್ತಿದ್ದಳು. ಗೋಡೆಗೆ ಕಿವಿ ಇಟ್ಟರೆ ದೂರದಲ್ಲಿ ಯಾರೋ ದಿಂಬು ತಟ್ಟಿದ ಹಾಗೆ ಮೆಲ್ಲಗೆ. ಜೋರಾಗಿ ಎರಡು ಸಲ ತುಳಿಯಲು ಹೇಳಿದೆ, ತಲೆ ತುಸು ನಡುಗಿ ನಿಂತಿತು.

ಆಮೇಲೆ ಅವರು ಕೋಲೂರಿಕೊಂಡು ಮೇಲೆ ಬಂದರು, ಲಿಫ್ಟ್ ಇದೆ. ಮಗಳು ಹೆಡ್‌ಫೋನ್ ತೆಗೆದು ಅವರ ಕಿವಿಗೆ ಹಾಕಿದಳು. ಐದು ನಿಮಿಷ ಬಾರಿಸಿದಳು. ಅವರು ಕಣ್ಣು ಮುಚ್ಚಿ ಕೇಳಿದರು. "ಇಷ್ಟು ದಿನ ನಿನ್ನ ಕಾಲು ಮಾತ್ರ ಕೇಳಿದ್ದೆ ಕಣೇ, ಕೈ ಕೇಳಿರಲಿಲ್ಲ" ಅಂದರು. ಮಗಳ ಕಣ್ಣಲ್ಲಿ ನೀರು ಬಂತು. ನನಗೂ.

ನಿಮಗೆಲ್ಲ ಕೈ ಮುಗಿಯುತ್ತೇನೆ. ಮಂಡ್ಯದ ಮೇಡಂ, ನಿಮಗೆ ಎರಡು ಸಲ.

ಮರಗೆಲಸ ಮೈಸೂರು:

ತುಂಬಾ ಸಂತೋಷ ಸರ್. ಆರು ತಿಂಗಳಿಗೊಮ್ಮೆ ಹಲಗೆ ಎತ್ತಿ ನೋಡಿ, ಪೂರ್ತಿ ಚಪ್ಪಟೆಯಾದ ಬಾಲ್ ಇದ್ದರೆ ಬದಲಾಯಿಸಿ. ಎರಡು ಹಲಗೆ ನಡುವಿನ ಸಂದಿಗೆ ಮಕ್ಕಳ ಆಟದ ಸಾಮಾನು, ಪೆನ್ನು ಉರುಳಿ ಹೋಗುತ್ತವೆ. ಅವು ಸಿಕ್ಕಿಕೊಂಡರೂ ಗುದ್ದು ಕೆಳಗೆ ಹೋಗುತ್ತದೆ. ಸುತ್ತಲೂ ಹಳೇ ಸೀರೆಯ ಅಂಚು ಇಳಿಬಿಡಿ, ಸಾಕು.